ಬೇಕಲೈಟು, ಬಾಂದ್ರಾ ಮತ್ತು ಯಶವಂತ ಚಿತ್ತಾಲರು

ಎಂಟೆಕ್‌ನಲ್ಲಿ ನಾನು ಓದಿದ್ದು ಪಾಲಿಮರ್ ತಂತ್ರಜ್ಞಾನ. ಹೊಟ್ಟೆಪಾಡು ಮಾತ್ರ ಸಾಫ್ಟ್‌ವೇರು. ನಮ್ಮ ತಲೆಮಾರಿನಲ್ಲಿ ಇದು ವಿಶೇಷವೇನಲ್ಲ, ನನ್ನ ಪಕ್ಕದ ಮೇಜಿನಾತ ಗಣಿಗಾರಿಕೆ ಓದಿ ಬಂದವನು. ಆ ಎರಡು ವರ್ಷಗಳಿಂದ ನನ್ನಲ್ಲಿ ಉಳಿದಿರುವುದು ಎರಡೇ: ಕಣ್ಣು ಉರಿಸುವ ಫಾರ್ಮಾಲಿನ್ನಿನ ವಾಸನೆಯ ನೆನಪು, ಮತ್ತು ಯಶವಂತ ಚಿತ್ತಾಲರ ಹೆಸರು.

ಹೆಸರು ಹೇಳಿದ್ದು ಲ್ಯಾಬಿನಲ್ಲಿದ್ದ ಕುಮಟೆಯ ಕಡೆಯ ಸೀನಿಯರ್ ಒಬ್ಬರು. ಫೀನಾಲಿಕ್ ರಾಳ ಕಾಯಿಸುತ್ತ ನಿಂತಿದ್ದಾಗ, 'ಇದೇ ಕೆಲಸ ಮಾಡಿಕೊಂಡು ಕಾದಂಬರಿ ಬರೆದವರು ನಮ್ಮೂರ ಕಡೆ ಒಬ್ಬರಿದ್ದಾರೆ, ಗೊತ್ತಾ?' ಎಂದರು. ನನಗೆ ಗೊತ್ತಿರಲಿಲ್ಲ. ರಾಣೆಬೆನ್ನೂರಿನ ಹುಡುಗ ನಾನು. ಕಾದಂಬರಿಕಾರರೆಂದರೆ ಮೇಷ್ಟ್ರಾಗಿರಬೇಕು, ಬೆಳಿಗ್ಗೆ ಪಾಠ, ಸಂಜೆ ಬರವಣಿಗೆ ಎಂದುಕೊಂಡಿದ್ದವನು. ಕಾರ್ಖಾನೆಯ ರಿಯಾಕ್ಟರಿನ ಪಕ್ಕ ನಿಂತವರು 'ಶಿಕಾರಿ'ಯಂಥ ಪುಸ್ತಕ ಬರೆಯಬಹುದು ಎಂಬುದು ನನಗೆ ಹೊಸ ಸುದ್ದಿ.

ಚಿತ್ತಾಲರು ಹುಟ್ಟಿದ್ದು 1928ರ ಆಗಸ್ಟ್ 3ರಂದು, ಗೋಕರ್ಣದ ಹತ್ತಿರದ ಹನೇಹಳ್ಳಿಯಲ್ಲಿ. ಅವರಿಗಿಂತ ಐದು ವರ್ಷಕ್ಕೆ ದೊಡ್ಡವರಾದ ಅಣ್ಣ ಗಂಗಾಧರ ಚಿತ್ತಾಲರು ಕವಿ. ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ಬಂದವರು. ಈ 'ಮುಂಬಯಿ ಪ್ರಾಂತ' ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಮುಂಬಯಿ, ಪುಣೆಯಲ್ಲಿ ಕೂತು ಓದುವ ನಾವು ಚಿತ್ತಾಲರನ್ನು 'ಹೊರನಾಡ ಕನ್ನಡಿಗ' ಎಂದು ನಮ್ಮ ಸಾಲಿಗೆ ಸೇರಿಸಿಕೊಂಡುಬಿಡುತ್ತೇವೆ. ಲೆಕ್ಕ ಅಷ್ಟು ಸರಳವಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು, 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು. ಸುಮಾರು ತೊಂಬತ್ತನಾಲ್ಕು ವರ್ಷ! ಹನೇಹಳ್ಳಿಯ ಹುಡುಗನಿಗೆ ಬೆಂಗಳೂರು ಪರರಾಜ್ಯ, ಮುಂಬಯಿ ರಾಜಧಾನಿ. ಪರೀಕ್ಷೆ ಅಲ್ಲಿಯದು, ಸರಕಾರ ಅಲ್ಲಿಯದು, ನೌಕರಿಯೂ ಅಲ್ಲಿಯದೇ. ಓದಲಿಕ್ಕೆ ಮುಂಬಯಿಗೆ ಹೋದ ಚಿತ್ತಾಲರು ಯಾವ ಗಡಿಯನ್ನೂ ದಾಟಲಿಲ್ಲ. ಅವರು ಊರು ಬಿಟ್ಟ ಮೇಲೆ ಗಡಿಯೇ ಬಂದು ಅವರ ಮತ್ತು ಊರಿನ ನಡುವೆ ಕೂತಿತು. ಅವರ ಮುಂಬಯಿಯ ಕಥೆಗಳಲ್ಲಿ ಪರದೇಶಿಯ ಗೋಳು ಕಡಿಮೆ, ಊರಿನ ಎಳೆತ ಹೆಚ್ಚು ಎಂದು ನನಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು. ನಾವು ಹಾಗಲ್ಲ. ನಾವು ಆಧಾರ್ ಕಾರ್ಡಿನ ವಿಳಾಸ ಬದಲಿಸಿಕೊಂಡು ಬಂದವರು.

ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಟೆಕ್, ಆಮೇಲೆ ಅಮೆರಿಕದ ನ್ಯೂಜೆರ್ಸಿಯ ಹೊಬೋಕನ್ನಿನಲ್ಲಿರುವ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮೇಲಿನ ಓದು. ನೌಕರಿ ಬೇಕಲೈಟ್ ಹೈಲಾಂ ಕಂಪನಿಯಲ್ಲಿ, ಅಲ್ಲೇ ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗದ ನಿರ್ದೇಶಕರ ಮಟ್ಟಕ್ಕೆ ಏರಿದರು. ವಿಮರ್ಶಕರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಅಸ್ತಿತ್ವವಾದಕ್ಕೆ ಹೋಗಿಬಿಡುತ್ತಾರೆ. ನನಗೆ ಆ ಒಂದು ಸಾಲೇ ರುಚಿ, ಸ್ವಲ್ಪ ಬೆಳೆಸುತ್ತೇನೆ.

ಬೇಕಲೈಟ್ ಎಂಬುದು ಲಿಯೋ ಬೇಕ್‌ಲ್ಯಾಂಡ್ ಎಂಬ ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ 1907ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ವಸ್ತು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಕಾಯಿಸಿದರೆ ಬರುವ ರಾಳ. ನಮ್ಮ ಅಜ್ಜನ ಮನೆಯ ಕಪ್ಪು ಸ್ವಿಚ್ಚು, ಹಳೆಯ ಟೆಲಿಫೋನು, ಕುಕ್ಕರಿನ ಹಿಡಿಕೆ, ಎಲ್ಲ ಇದೇ ಜಾತಿ. ಇದೇ ರಾಳದಲ್ಲಿ ಕಂದು ಕಾಗದದ ಹಾಳೆಗಳನ್ನು ಅದ್ದಿ, ಒಣಗಿಸಿ, ಒಂದರ ಮೇಲೊಂದು ಪೇರಿಸಿ, ಬಿಸಿಯಲ್ಲಿ ಭಾರೀ ಒತ್ತಡ ಕೊಟ್ಟು ಅಮುಕಿದರೆ ಲ್ಯಾಮಿನೇಟ್ ಆಗುತ್ತದೆ. ಈಗ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಮೇಜಿನ ಮೈಯೂ ಅದೇ, ಒಳಗೆಲ್ಲ ಕಾಗದ. ಈ ರಾಳಕ್ಕೆ ಮೂರು ಹಂತ ಎಂದು ನಮಗೆ ಕಲಿಸುತ್ತಿದ್ದರು. 'ಎ' ಹಂತದಲ್ಲಿ ಅದು ಕರಗುತ್ತದೆ, ಹರಿಯುತ್ತದೆ. 'ಬಿ' ಹಂತದಲ್ಲಿ ಕಾಯಿಸಿದರೆ ಮೆತ್ತಗಾಗುತ್ತದೆ, ಆದರೆ ಪೂರ್ತಿ ಕರಗಲಾರದು. 'ಸಿ' ಹಂತ ಮುಟ್ಟಿತೋ, ಮುಗಿಯಿತು. ಮತ್ತೆ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಸುಟ್ಟು ಕರಕಾಗಬಹುದು ಅಷ್ಟೆ. ಮುಂಬಯಿಗೆ ಬಂದವರ ಬಗ್ಗೆ ಇದನ್ನು ರೂಪಕ ಮಾಡಿ ಒಮ್ಮೆ ಕನ್ನಡ ಸಂಘದ ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ನಾಚಿಕೆಯಾಗುತ್ತದೆ. ದಿನಾ ಆ ರಾಳದ ಜೊತೆಗೇ ಇದ್ದ ಮನುಷ್ಯ ಹನೇಹಳ್ಳಿಯ ವಿಷಯದಲ್ಲಿ ಕೊನೆಯವರೆಗೂ 'ಎ' ಹಂತದಲ್ಲೇ ಉಳಿದರಲ್ಲ.

ಅವರ ಕಾದಂಬರಿಗಳ ಇಸವಿಗಳನ್ನು ನೋಡಿ. 'ಮೂರು ದಾರಿಗಳು' 1964. 'ಶಿಕಾರಿ' 1979. ನಡುವೆ ಹದಿನೈದು ವರ್ಷ. ಪ್ರಾಜೆಕ್ಟ್ ಮ್ಯಾನೇಜರನ ಕಣ್ಣಿಗೆ ಇದು ಎಸ್ಟಿಮೇಟು ತಪ್ಪಿದ ಪ್ರಾಜೆಕ್ಟು. ಆದರೆ ಆ ಹದಿನೈದು ವರ್ಷದಲ್ಲಿ ಅವರು ದಿನಾ ಕೆಲಸಕ್ಕೆ ಹೋಗುತ್ತಿದ್ದರು, ಮೀಟಿಂಗುಗಳಲ್ಲಿ ಕೂರುತ್ತಿದ್ದರು, 'ಆಟ' ಸಂಕಲನದ ಕಥೆಗಳನ್ನೂ ಕೊಟ್ಟರು. ಆಮೇಲೆ 'ಛೇದ' 1985ರಲ್ಲಿ, 'ಪುರುಷೋತ್ತಮ' 1990ರಲ್ಲಿ, 'ಕೇಂದ್ರ ವೃತ್ತಾಂತ' 1996ರಲ್ಲಿ. ನಡುವೆ 'ಕಥೆಯಾದಳು ಹುಡುಗಿ' ಸಂಕಲನಕ್ಕೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪ್ರಶಸ್ತಿಗಳ ಪಟ್ಟಿ ಇಲ್ಲಿಗೆ ಸಾಕು.

ಮನೆ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಸಮುದ್ರಕ್ಕೆ ಎದುರಾಗಿ. ಈಗ ಆ ರಸ್ತೆಯಲ್ಲಿ ಸಿನಿಮಾ ನಟರ ಮನೆಗಳ ಮುಂದೆ ಸೆಲ್ಫಿಗೆ ನೂಕುನುಗ್ಗಲು. ನಾನೂ ಒಂದು ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ, ಅವರೆಲ್ಲ 'ಮನ್ನತ್' ಗೇಟಿನ ಕಡೆ ನೋಡುತ್ತಿದ್ದರೆ ಕಡಲಿನ ಕಡೆ ತಿರುಗಿ ನಿಂತಿದ್ದೆ. ನೀರು ಇಳಿದ ಹೊತ್ತು, ಕಪ್ಪು ಬಂಡೆಗಳೆಲ್ಲ ಬಯಲಾಗಿದ್ದವು. ಸೊಬಗಿನ ಕಡಲೇನಲ್ಲ ಅದು, ವಾಸನೆಯೂ ಇತ್ತು. ಆದರೆ ಕರಾವಳಿಯಲ್ಲಿ ಹುಟ್ಟಿದವನಿಗೆ ಕಿಟಕಿ ತೆಗೆದರೆ ಅದೇ ಅರಬ್ಬೀ ಸಮುದ್ರ ಕಾಣುವುದೆಂದರೆ ಎಂಥ ಸುಖವಿರಬೇಕು! ಇದೇ ನೀರಿನ ಅಂಚು ಹಿಡಿದು ತೆಂಕಣಕ್ಕೆ ಹೋಗುತ್ತಿದ್ದರೆ ಗೋಕರ್ಣ ಬರುತ್ತದೆ, ಹನೇಹಳ್ಳಿ ಬರುತ್ತದೆ. ಗೋಕರ್ಣದಿಂದಲೇ ಬಂದು, ಮುಂಬಯಿಯ ಔಷಧ ಕಂಪನಿಯ ಕೆಲಸದ ನಡುವೆ ಕಥೆ, ಕವಿತೆ ಬರೆಯುತ್ತಿದ್ದ ಜಯಂತ ಕಾಯ್ಕಿಣಿಯವರಿಗೂ ಚಿತ್ತಾಲರು ಹತ್ತಿರದವರು. ರಸಾಯನಶಾಸ್ತ್ರಕ್ಕೂ ಉತ್ತರ ಕನ್ನಡದ ಕಥೆಗಾರರಿಗೂ ಅದೇನು ನಂಟೋ!

ಚಿತ್ತಾಲರು ಬರವಣಿಗೆಯ ಬಗ್ಗೆಯೇ ತುಂಬ ಯೋಚಿಸಿದವರು. 'ಸಾಹಿತ್ಯ, ಸೃಜನಶೀಲತೆ ಮತ್ತು ನಾನು', 'ಸಾಹಿತ್ಯದ ಸಪ್ತಧಾತುಗಳು' ಎಂದು ಪುಸ್ತಕಗಳೇ ಇವೆ. ನನ್ನ ತಲೆಗೆ ಇಳಿದ ಮಟ್ಟಿಗೆ ಅವರ ನಂಬಿಕೆ ಇಷ್ಟು: ಗೊತ್ತಿದ್ದುದನ್ನು ಹೇಳಲು ಬರೆಯುವುದಲ್ಲ, ಬರೆಯುತ್ತಾ ಗೊತ್ತುಮಾಡಿಕೊಳ್ಳುವುದು. ಕಥೆ ಮೊದಲೇ ಎಲ್ಲೋ ಸಿದ್ಧವಾಗಿ ಕೂತಿರುವುದಿಲ್ಲ. ಇದು ಲ್ಯಾಬಿನವರ ಮಾತು. ಫಲಿತಾಂಶ ಮೊದಲೇ ಗೊತ್ತಿದ್ದರೆ ಪ್ರಯೋಗ ಯಾಕೆ ಬೇಕು? ನಮ್ಮ ಉದ್ಯಮದಲ್ಲಿ ಎಲ್ಲ ತಿರುಗಾಮುರುಗ, ಫಲಿತಾಂಶದ ತಾರೀಕನ್ನು ಮೊದಲು ಬರೆದು ಆಮೇಲೆ ಕೆಲಸ ಶುರುಮಾಡುತ್ತೇವೆ.

ಇನ್ನು 'ಶಿಕಾರಿ'. ನಿಮ್ಮಲ್ಲಿ ಹಲವರು ಓದಿರುತ್ತೀರಿ. ಓದದವರಿಗೆ ಎರಡು ಮಾತು. ಹನೇಹಳ್ಳಿಯಿಂದ ಬಂದ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಅಧಿಕಾರಿ, ಎಂಜಿನಿಯರು. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ಏನೋ ಗಂಭೀರ ಆಪಾದನೆ, ಏನೆಂದು ಮಾತ್ರ ಸರಿಯಾಗಿ ಹೇಳುವವರಿಲ್ಲ. ಫಿರೋಜ್ ಬಂದೂಕವಾಲಾ, ಊರಿನ ಕಡೆಯ ಶ್ರೀನಿವಾಸ, ಹೀಗೆ ಸುತ್ತಲಿನವರಲ್ಲಿ ಬೇಟೆಗಾರ ಯಾರು, ಬೇಟೆಗೆ ಸೊಪ್ಪು ಸವರುವವರು ಯಾರು ಎಂದು ತಿಳಿಯದೆ ಅವನು ತನ್ನೊಳಗಿನ ಭಯಗಳನ್ನೇ ಬೇಟೆಯಾಡತೊಡಗುತ್ತಾನೆ. ಕಾಫ್ಕಾನ ಹೆಸರನ್ನು ಎಲ್ಲರೂ ಎತ್ತುತ್ತಾರೆ. ಎತ್ತಲಿ. ನನಗೆ ನೆನಪಾಗುವುದು 'ಮೂರು ದಾರಿಗಳು'. ಅಲ್ಲಿ ಒಬ್ಬ ಹುಡುಗಿಯ ಬಾಳಿನ ಮೇಲೆ ಊರಿನ ಬಾಯಿ ಬೀಳುತ್ತದೆ (ಗಿರೀಶ ಕಾಸರವಳ್ಳಿಯವರು 1981ರಲ್ಲಿ ಸಿನಿಮಾ ಮಾಡಿದರು). ಹದಿನೈದು ವರ್ಷದ ಮೇಲೆ ಅದೇ ಗುಸುಗುಸು ಟೈ ಕಟ್ಟಿಕೊಂಡು, ಲಿಫ್ಟ್ ಹತ್ತಿ ಬೋರ್ಡ್‌ರೂಮಿಗೆ ಬಂದಿದೆ. ಊರಿನಲ್ಲಿ ಅದು ಜಗಲಿಯ ಮೇಲೆ ಕೂರುತ್ತಿತ್ತು, ಇಲ್ಲಿ ಫೈಲಿನೊಳಗೆ ಕೂರುತ್ತದೆ. ಕಾದಂಬರಿಯ ಕಂಪನಿ ಚಿತ್ತಾಲರು ದುಡಿದ ಕಂಪನಿಯೇ ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಯಾವ ಕಂಪನಿಯಾದರೂ ನಡೆಯುತ್ತದೆ ಎನ್ನುವುದೇ ಅದರ ಭಯಂಕರ.

ಎಂಟೆಕ್ ಮುಗಿದ ವರ್ಷ ಓದಿದಾಗ ನಾನು ನಾಗಪ್ಪನಾಗಿದ್ದೆ. ಸಣ್ಣ ಊರಿನವನು, ಇಂಗ್ಲಿಷ್ ಅಷ್ಟಕ್ಕಷ್ಟೆ, ದೊಡ್ಡ ಕಟ್ಟಡಗಳಲ್ಲಿ ಎಲ್ಲರೂ ನನ್ನ ವಿರುದ್ಧ ಏನೋ ಮಾತಾಡುತ್ತಿದ್ದಾರೆಂಬ ಅನುಮಾನ. ರಾತ್ರಿಯಿಡೀ ಓದಿ, ಬೆಳಗ್ಗೆ ಹಾಸ್ಟೆಲ್ಲಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗಲೂ ಕೈ ನಡುಗುತ್ತಿತ್ತು. ಆ ಪುಸ್ತಕ ನನ್ನ ಪರವಾಗಿದೆ ಎಂದುಕೊಂಡಿದ್ದೆ.

2023ರಲ್ಲಿ ಮತ್ತೆ ಓದಿದೆ. ಆ ವರ್ಷ ನಮ್ಮ ಕ್ಲೈಂಟು ಬಜೆಟ್ಟು ಕತ್ತರಿಸಿತು. ನನ್ನ ಟೀಮಿನ ಇಪ್ಪತ್ತೆರಡು ಜನರಲ್ಲಿ ನಾಲ್ಕು ಹೆಸರು ಕೊಡಬೇಕೆಂದು ಮೇಲಿನಿಂದ ಹೇಳಿದರು. ಬಜೆಟ್ಟಿನ ಕಾರಣ ಕಾಗದದ ಮೇಲೆ ಬರಕೂಡದು, ಕೆಲಸ ತೃಪ್ತಿಕರವಲ್ಲ ಎಂಬ ಕಾರಣವೇ ಬರಬೇಕು. ಮೂರು ಹೆಸರುಗಳಿಗೆ ಏನೋ ಒಂದು ಆಧಾರ ಹುಡುಕಿಕೊಂಡೆ. ನಾಲ್ಕನೆಯ ಹುಡುಗನಿಗೆ ಆಧಾರವೇ ಇರಲಿಲ್ಲ. ಮಾತು ಕಡಿಮೆ, ಪಾರ್ಟಿಗೆ ಬರುತ್ತಿರಲಿಲ್ಲ, ಅವನ ಪರವಾಗಿ ನನಗೆ ಫೋನು ಮಾಡುವವರು ಯಾರೂ ಇರಲಿಲ್ಲ. ಅಷ್ಟೇ. ಎಕ್ಸೆಲ್ ಹಾಳೆಯ ಆ ಚೌಕದಲ್ಲಿ 'ನಿರೀಕ್ಷೆಯ ಮಟ್ಟಕ್ಕಿಲ್ಲ' ಎಂದು ಒತ್ತಿದ್ದು ನನ್ನದೇ ಬೆರಳು. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸಿ ನನ್ನ ಮೇಜಿನ ಹತ್ತಿರ ಬಂದು, 'ಸರ್, ನನ್ನ ತಪ್ಪು ಏನು ಅಂತ ಹೇಳಿದರೆ ಮುಂದೆ ತಿದ್ದಿಕೊಳ್ಳುತ್ತೇನೆ' ಎಂದ. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ. ನಾನು ಕಮ್ಯುನಿಕೇಶನ್ ಅದು ಇದು ಎಂದು ಏನೋ ಅಂದೆ. ಅವನು ಪುಟ್ಟ ನೋಟುಪುಸ್ತಕ ತೆಗೆದು ಅದನ್ನು ಬರೆದುಕೊಂಡ.

ಅವನು ಬರೆದುಕೊಂಡದ್ದು ನನಗೆ ಬಹಳ ದಿನ ನಿದ್ದೆ ಕೊಡಲಿಲ್ಲ. ಒಂದು ರಾತ್ರಿ ಕಪಾಟಿನಿಂದ 'ಶಿಕಾರಿ' ತೆಗೆದೆ. ಸಮಾಧಾನಕ್ಕಾಗಿ ತೆಗೆದದ್ದು, ಸುಳ್ಳೇಕೆ ಹೇಳಲಿ. ಐವತ್ತು ಪುಟ ದಾಟುವಷ್ಟರಲ್ಲಿ ನಾಗಪ್ಪನ ಪಕ್ಕ ನನಗೆ ಜಾಗವಿಲ್ಲವೆಂದು ಗೊತ್ತಾಯಿತು. ನಾನಿದ್ದದ್ದು ಮೇಜಿನ ಆಚೆ ಬದಿಗೆ. ಮೊದಲ ಓದಿನಲ್ಲಿ ರಾಕ್ಷಸನಂತೆ ಕಂಡಿದ್ದ ಬಂದೂಕವಾಲಾನೂ ಈಗ ಅಷ್ಟು ದೊಡ್ಡವನಾಗಿ ಕಾಣಲಿಲ್ಲ. ಅವನಿಗೂ ಮೇಲಿನವರೊಬ್ಬರಿದ್ದಾರೆ, ಅವನೂ ಯಾವುದೋ ಚೌಕ ತುಂಬುತ್ತಿದ್ದಾನೆ ಎನಿಸಿತು. ಚಿತ್ತಾಲರು ಕಾರ್ಪೊರೇಟ್ ಜಗತ್ತನ್ನು ಕೆಳಗಿನಿಂದ ತಲೆಯೆತ್ತಿ ನೋಡಿ ಬರೆದವರಲ್ಲ, ಅದರ ಮೇಲಿನ ಅಂತಸ್ತಿನಲ್ಲೇ ಕೂತು ಬರೆದವರು. ಆ ಮೇಜಿನ ಎರಡೂ ಬದಿಯ ಕುರ್ಚಿಗಳು ಅವರಿಗೆ ಗೊತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಅಧಿಕಾರಿಯಾಗಿದ್ದು, ಮನೆಗೆ ಬಂದು ಅಧಿಕಾರಕ್ಕೆ ಹೆದರುವ ಮನುಷ್ಯನ ಬಗ್ಗೆ ಬರೆಯಲು ಎಂಥ ನಿಷ್ಠುರ ಬೇಕು, ಯೋಚಿಸಿ. ನನಗಂತೂ ಮನೆಗೆ ಬಂದ ಮೇಲೆ ಕ್ರಿಕೆಟ್ ಹಾಕಿಕೊಳ್ಳುವುದೊಂದೇ ತೋಚುತ್ತದೆ.

ಚಿತ್ತಾಲರು ತೀರಿಕೊಂಡದ್ದು 2014ರ ಮಾರ್ಚ್ 22ರಂದು, ಮುಂಬಯಿಯಲ್ಲೇ. ಆಗ ನಾನು ಇದೇ ಊರಿನಲ್ಲಿದ್ದೆ. ಐರೋಲಿಯಿಂದ ಬಾಂದ್ರಾ ಎಷ್ಟು ದೂರ? ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆ. ಇದ್ದಷ್ಟು ವರ್ಷ ಒಮ್ಮೆಯೂ ಹೋಗಿ ನೋಡಲಿಲ್ಲ. 'ರಿಲೀಸ್ ಮುಗಿಯಲಿ' ಎಂದುಕೊಳ್ಳುತ್ತಲೇ ಇದ್ದೆ.

ಕಳೆದ ಡಿಸೆಂಬರಿನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಕುಮಟೆಗೆ ಹೋಗಿ, ಅಲ್ಲಿಂದ ಹನೇಹಳ್ಳಿಗೆ ಹೋಗಿಬಂದೆ. ಚಿತ್ತಾಲರ ಕಾಲದಲ್ಲಿ ಈ ರೈಲು ಎಲ್ಲಿತ್ತು? ಕೊಂಕಣ ರೈಲು ಪೂರ್ತಿ ಓಡತೊಡಗಿದ್ದೇ 1998ರಲ್ಲಿ, ಅಷ್ಟರಲ್ಲಿ ಅವರ ದೊಡ್ಡ ಕಾದಂಬರಿಗಳೆಲ್ಲ ಮುಗಿದಿದ್ದವು. ಊರಿನಲ್ಲಿ ವಿಶೇಷವೇನೂ ನೋಡಲಿಲ್ಲ. ತೆಂಗು, ಗದ್ದೆ, ಅಗೇರು, ತಲೆಯ ಮೇಲೆ ಹುಲ್ಲುಹೊರೆ ಹೊತ್ತು ರಸ್ತೆ ದಾಟಿದ ಒಬ್ಬಾಕೆ. 'ಬೊಮ್ಮಿಯ ಹುಲ್ಲು ಹೊರೆ' ಅವರ ಮೊದಮೊದಲ ಕಥೆಗಳಲ್ಲೊಂದು, ಹೆಸರು ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಚಹಾದಂಗಡಿಯವರು ಎಲ್ಲಿಯವರು ನೀವು ಎಂದು ಕೇಳಿದರು. ಮುಂಬಯಿ ಎಂದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ, ನಮ್ಮ ಮನೆಯವರೂ ಇದ್ದಾರೆ ಅಲ್ಲಿ ಎಂದು ಚಹಾ ಸೋಸಿದರು.

ವಾಪಸು ಬರುವಾಗ ರೈಲಿನಲ್ಲಿ ಆ ಹುಡುಗನಿಗೊಂದು ಮೇಲ್ ಬರೆದೆ. ಅಂದು ಹೇಳಿದ್ದು ಸುಳ್ಳು, ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ನೋಟುಪುಸ್ತಕದಲ್ಲಿ ಬರೆದುಕೊಂಡದ್ದನ್ನು ಹೊಡೆದುಹಾಕು ಎಂದು. ಸುರಂಗಗಳಲ್ಲಿ ನೆಟ್‌ವರ್ಕ್ ಹೋಗಿ ಬಂದು, ರತ್ನಾಗಿರಿ ದಾಟಿದ ಮೇಲೆ ಅದು ಹೋಯಿತು. ಈಗ ಚೆನ್ನೈನಲ್ಲಿದ್ದಾನಂತೆ. ಉತ್ತರ ಬಂದಿಲ್ಲ.