ವಿಚ್ಛೇದನದ ನಂತರ ಆಸ್ತಿ ಹಂಚಿಕೆ: ಆದೇಶ ಮೀರಿದರೆ ಏನು ಶಿಕ್ಷೆ?

ಮೈಸೂರು: ನಗರದ ಅಗ್ರಹಾರದಲ್ಲಿ ದಂಪತಿಯ ಜಂಟಿ ಹೆಸರಿನಲ್ಲಿ ಮನೆಯೊಂದಿದೆ ಎಂದುಕೊಳ್ಳೋಣ. ವಿಚ್ಛೇದನದ ಬಳಿಕ ಪತಿಯು ತನ್ನ ಪಾಲನ್ನು ಪತ್ನಿಗೆ ನೋಂದಣಿ ಮಾಡಿಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಡಿಕ್ರಿ ನೀಡಿದೆ. ಆದರೆ ಆತ ಉಪ ನೋಂದಣಾಧಿಕಾರಿ ಕಚೇರಿಯತ್ತ ಸುಳಿಯುವುದೇ ಇಲ್ಲ. ಆಗ ಕಾನೂನು ಏನು ಮಾಡುತ್ತದೆ?

ವಿಚ್ಛೇದನವಾದೊಡನೆ ಆಸ್ತಿಯನ್ನು ಅರ್ಧಕ್ಕರ್ಧ ಹಂಚಬೇಕೆಂಬ ನಿಯಮ ಭಾರತದಲ್ಲಿಲ್ಲ. ಮದುವೆಯ ಸಂದರ್ಭದಲ್ಲಿ ಬಂದ ಜಂಟಿ ವಸ್ತುಗಳ ಕುರಿತು ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಹಾಗೂ ಶಾಶ್ವತ ಜೀವನಾಂಶದ ಕುರಿತು 25ನೇ ಕಲಂ ಅನ್ವಯಿಸುತ್ತವೆ. ದಂಪತಿಯ ಆಸ್ತಿ ವ್ಯಾಜ್ಯಗಳನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ವಿಚಾರಿಸಲಾಗುತ್ತದೆ.

ಸಹಿ ಹಾಕದಿದ್ದರೆ

ಡಿಕ್ರಿ ಪಡೆದವರು ಅಮಲ್ಜಾರಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸಾಮಾನ್ಯವಾಗಿ 12 ವರ್ಷಗಳ ಕಾಲಾವಕಾಶವಿದೆ. ಎದುರಾಳಿ ಸಹಿ ಹಾಕಲು ನಿರಾಕರಿಸಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮದಂತೆ ನ್ಯಾಯಾಲಯ ನೇಮಿಸಿದ ಅಧಿಕಾರಿಯೇ ಪತ್ರಕ್ಕೆ ಸಹಿ ಹಾಕಬಹುದು. ಆ ಸಹಿಗೆ ಎದುರಾಳಿಯ ಸಹಿಯಷ್ಟೇ ಬೆಲೆಯಿದೆ.

ಹಣ ಕೊಡದಿದ್ದರೆ

ಹಣ ಪಾವತಿಯ ಡಿಕ್ರಿಯಾದರೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಬಹುದು. ಶಕ್ತಿಯಿದ್ದೂ ಕೊಡದವರನ್ನು ಅಥವಾ ವಂಚನೆಯಿಂದ ಆಸ್ತಿ ಪರಭಾರೆ ಮಾಡಿದವರನ್ನು ಗರಿಷ್ಠ 3 ತಿಂಗಳು ಸಿವಿಲ್ ಕಾರಾಗೃಹದಲ್ಲಿ ಇರಿಸಬಹುದು. ಜೈಲಿನಿಂದ ಹೊರಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಆದರೆ ಬಂಧಿತನ ಊಟದ ಖರ್ಚನ್ನು ಡಿಕ್ರಿ ಪಡೆದವರೇ ಭರಿಸಬೇಕು. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ.

ಮಾರಿದರೆ, ಮರೆಮಾಚಿದರೆ

ಮನೆಯ ಹಕ್ಕಿನ ಕುರಿತೇ ವ್ಯಾಜ್ಯ ನಡೆಯುತ್ತಿರುವಾಗ ಅದನ್ನು ಅಣ್ಣತಮ್ಮಂದಿರ ಅಥವಾ ಸ್ನೇಹಿತರ ಹೆಸರಿಗೆ ಬರೆದುಕೊಟ್ಟರೂ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂನಂತೆ ಕೊಂಡವರು ಅಂತಿಮ ತೀರ್ಪಿಗೆ ಬದ್ಧರು. ತಡೆಯಾಜ್ಞೆ ಉಲ್ಲಂಘಿಸಿದರೆ ಆಸ್ತಿ ಜಪ್ತಿ ಮತ್ತು 3 ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಉದ್ದೇಶಪೂರ್ವಕ ನ್ಯಾಯಾಂಗ ನಿಂದನೆ ಸಾಬೀತಾದರೆ 6 ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಜೀವನಾಂಶ ಪ್ರಕರಣಗಳಲ್ಲಿ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಕಡ್ಡಾಯಗೊಳಿಸಿತು. ಅದರಲ್ಲಿ ಸುಳ್ಳು ಹೇಳಿದರೆ, ನ್ಯಾಯಾಲಯದ ದೂರಿನ ಮೇರೆಗೆ, ಭಾರತೀಯ ನ್ಯಾಯ ಸಂಹಿತೆಯಡಿ 7 ವರ್ಷಗಳವರೆಗೆ ಸಜೆಯಾಗಬಹುದು. ಪತ್ನಿಯ ಸ್ತ್ರೀಧನವನ್ನು ಅಪ್ರಾಮಾಣಿಕವಾಗಿ ಉಳಿಸಿಕೊಂಡರೆ ನಂಬಿಕೆ ದ್ರೋಹದ ಅಪರಾಧವಾಗಿ 5 ವರ್ಷಗಳವರೆಗೆ ಶಿಕ್ಷೆಯಿದೆ.

ಇವು ಯಾವುವೂ ತಾವಾಗಿಯೇ ಜಾರಿಗೆ ಬರುವುದಿಲ್ಲ, ಅರ್ಜಿ ಹಾಕಲೇಬೇಕು. ಆಸ್ತಿ ಕೈಬದಲಾಗಿದೆಯೇ ಎಂಬುದನ್ನು ಋಣಭಾರ ಪ್ರಮಾಣಪತ್ರದಿಂದ ತಿಳಿಯಬಹುದು. ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೋರಬಹುದು. 1987ರ ಕಾಯ್ದೆಯಂತೆ ಈ ಹಕ್ಕಿಗೆ ಮಹಿಳೆಯರ ವರಮಾನ ಅಡ್ಡಿಯಾಗದು.