ಪದ ಪರಿಚಯ: ಸ್ನಾಯು

ಸ್ನಾಯು

ಆಟಗಾರನಿಗೆ ‘ಸ್ನಾಯು ಸೆಳೆತ’ ಎಂದು ಕ್ರೀಡಾಪುಟಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಮಿದುಳಿನ ಸೂಚನೆ ನರದ ಮೂಲಕ ತಲುಪಿದಾಗ ಅದು ಕುಗ್ಗಿ ಮೂಳೆಯನ್ನು ಎಳೆಯುತ್ತದೆ.

ಸಂಸ್ಕೃತದಲ್ಲಿ ಈ ಪದದ ಮುಖ್ಯಾರ್ಥ ಬೇರೆ: ಮೂಳೆ, ಕೀಲುಗಳನ್ನು ಬಿಗಿಯುವ ನಾರಿನಂಥ ಕಟ್ಟು. ಬಿಲ್ಲಿನ ಹೆದೆಗೂ ಇದೇ ಹೆಸರಿತ್ತು. ಸುಶ್ರುತಸಂಹಿತೆ 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆಬೇರೆಯಾಗಿಯೇ ಎಣಿಸುತ್ತದೆ. ಮಾಂಸಖಂಡಕ್ಕೆ ಅಲ್ಲಿನ ಮಾತು ಪೇಶಿ. ಗ್ರೀಕಿನ ‘ನ್ಯೂರಾನ್’ ಸ್ನಾಯುವಿನ ದಾಯಾದಿ. ಆ ಗ್ರೀಕ್ ಪದದ ಮೊದಲ ಅರ್ಥವೂ ಕಟ್ಟು, ಹೆದೆ. ನರ ಎಂಬ ಅರ್ಥ ಆಮೇಲೆ ಬಂದದ್ದು. ಎಷ್ಟು ಸೊಗಸಾದ ನಂಟು!

ಮರಾಠಿಯ ಸ್ನಾಯು ನಮ್ಮಂತೆ ಮಾಂಸಖಂಡ, ಬಂಗಾಳಿಯದು ನರ. ಅಲ್ಲಿನ ‘ಸ್ನಾಯುತಂತ್ರ’ ನಮ್ಮ ನರಮಂಡಲ. ಇನ್ನು ‘ನರ’ ದ್ರಾವಿಡ ಪದ: ತಮಿಳಿನ ನರಂಬು, ತೆಲುಗಿನ ನರಮು ಅದರ ಒಡಹುಟ್ಟುಗಳು. ಮನುಷ್ಯ ಎಂಬರ್ಥದ ಸಂಸ್ಕೃತ ‘ನರ’ಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಂಡಿಯ ಲಿಗಮೆಂಟ್ ಹರಿದಾಗ ‘ಸ್ನಾಯು ಹರಿದಿದೆ’ ಎಂದು ಬರೆಯುವವರಿದ್ದಾರೆ. ಹಳೆಯ ಅರ್ಥಕ್ಕೆ ಅದು ಒಪ್ಪೀತು. ಇಂದಿನ ಓದುಗನನ್ನು ಮಾತ್ರ ದಾರಿ ತಪ್ಪಿಸುತ್ತದೆ. ದಯವಿಟ್ಟು ಅಲ್ಲಿ ‘ಅಸ್ಥಿರಜ್ಜು’ ಎನ್ನಿ.