ದಕ್ಷಿಣ ಧ್ರುವಕ್ಕೆ ಹೋದ ಟ್ರ್ಯಾಕ್ಟರ್



ಹಳೆಯ ಬಜಾಜ್ ಸ್ಕೂಟರ್ ಓಡಿಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದ ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಐದಾರು ಕಿಕ್ ಹೊಡೆದ ಮೇಲೆಯೇ ಮಹಾಶಯ ಕೆಮ್ಮುತ್ತಾ ಏಳುತ್ತಿದ್ದ. ದೆಹಲಿಯ ಕೇಳುಗರಿಗೆ ಇದರ ಅನುಭವ ಹೆಚ್ಚು. ಚೆನ್ನೈ, ಮುಂಬಯಿಯವರು ಓದಿ ನಕ್ಕು ಸುಮ್ಮನಾಗಬಹುದು. ಆದರೆ ದೆಹಲಿಯದು ಎಷ್ಟಾದರೂ ನಾಲ್ಕೈದು ಡಿಗ್ರಿಯ ಚಳಿ. ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗೆ ಎಂಜಿನ್ ಏಳದಿದ್ದರೆ ಆಫೀಸಿಗೆ ತಡವಾಗುವುದಷ್ಟೇ ಅಲ್ಲ, ಪ್ರಾಣಕ್ಕೇ ಸಂಚಕಾರ. ಈ ಸಲ ಅಂಥ ಜಾಗಕ್ಕೆ ಹೋದ ಎಂಜಿನ್‌ಗಳ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು, ಚಳಿ ಎಂಜಿನ್ನಿಗೆ ಏನು ಮಾಡುತ್ತದೆ ನೋಡೋಣ. ರೇಡಿಯೇಟರಿನ ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹಿಗ್ಗುವ ರಭಸಕ್ಕೆ ಎರಕದ ಕಬ್ಬಿಣವೂ ಸೀಳುತ್ತದೆ. ಎಂಜಿನ್ ಆಯಿಲ್ ಜೋನಿ ಬೆಲ್ಲದಂತೆ ಮಂದವಾಗುತ್ತದೆ. ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಡೀಸೆಲ್ಲಿನ ಕಥೆಯಂತೂ ಚಳಿಗೆ ಗಟ್ಟಿಯಾಗುವ ನಮ್ಮ ಕೊಬ್ಬರಿ ಎಣ್ಣೆಯ ಕಥೆಯೇ: ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂದರೆ ಎಂಜಿನ್ ತಿರುಗಲು ಹೆಚ್ಚು ಬಲ ಬೇಕಾದ ಹೊತ್ತಿನಲ್ಲೇ ಆ ಬಲ ಕೊಡಬೇಕಾದ ಎಲ್ಲವೂ ಕೈಕೊಡುತ್ತವೆ.

1910ರಲ್ಲಿ ದಕ್ಷಿಣ ಧ್ರುವದ ಕನಸು ಹೊತ್ತು ಹೊರಟ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ಜೊತೆಯಲ್ಲಿ ಮೂರು ಮೋಟಾರ್ ಸ್ಲೆಜ್‌ಗಳಿದ್ದವು. ಹಿಮದ ಮೇಲೆ ಪಟ್ಟಿಗಳ ಮೇಲೆ ಉರುಳುವ, ಅಂದಿನ ಕಾಲಕ್ಕೆ ಅತ್ಯಾಧುನಿಕ ಬಂಡಿಗಳು. ನೀರು ಹೆಪ್ಪುಗಟ್ಟುವ ತಾಪತ್ರಯವೇ ಬೇಡವೆಂದು ಗಾಳಿಯಿಂದಲೇ ತಂಪಾಗುವ ಎಂಜಿನ್ ಇಟ್ಟಿದ್ದರು. ಈ ಬಂಡಿಗಳನ್ನು ರೂಪಿಸುವಲ್ಲಿ ದುಡಿದಿದ್ದ ನೌಕಾಪಡೆಯ ಎಂಜಿನಿಯರ್ ರೆಜಿನಾಲ್ಡ್ ಸ್ಕೆಲ್ಟನ್ ಮಾತ್ರ ಆ ಹಡಗಿನಲ್ಲಿರಲಿಲ್ಲ. ಅವನು ಬಂದರೆ ತನಗಿಂತ ಮೇಲಿನ ದರ್ಜೆಯವನಾಗುತ್ತಾನೆ ಎಂದು ಸ್ಕಾಟ್‌ನ ಸಹಾಯಕ ಅಧಿಕಾರಿ ಆಕ್ಷೇಪಿಸಿದ್ದರಿಂದ ಅವನನ್ನು ಕೈಬಿಡಲಾಗಿತ್ತು. ಯಂತ್ರ ಹೋಯಿತು, ಅದರ ನಾಡಿ ಬಲ್ಲವನು ಮನೆಯಲ್ಲುಳಿದ!

ಪರಿಣಾಮ ಏನಾಯಿತು? 1911ರ ಜನವರಿ 8ರಂದು ಹಡಗಿನಿಂದ ಇಳಿಸುವಾಗಲೇ ಒಂದು ಬಂಡಿ ಮಂಜುಗಡ್ಡೆ ಒಡೆದು ಸಮುದ್ರ ಸೇರಿತು. ಉಳಿದೆರಡು ಅಕ್ಟೋಬರ್ ಕೊನೆಯಲ್ಲಿ ಹೊರಟವು. ಸ್ವಲ್ಪ ದೂರ ಓಡಿದರೆ ಎಂಜಿನ್ ಕಾದು ಕೆಂಡ. ಆರಲಿ ಎಂದು ನಿಲ್ಲಿಸಿದರೆ ಮತ್ತೆ ಏಳಿಸುವುದೇ ಸಾಹಸ. ಭೂಮಿಯ ಅತ್ಯಂತ ತಣ್ಣನೆಯ ನಾಡಿನಲ್ಲಿ ಅವು ಕೆಟ್ಟಿದ್ದು ಬಿಸಿ ಹೆಚ್ಚಾಗಿ ಎಂದರೆ ನಂಬುತ್ತೀರಾ? ನವೆಂಬರ್ ಮೊದಲ ವಾರದ ಒಳಗೆ ಎರಡನ್ನೂ ಹಿಮದಲ್ಲೇ ಬಿಟ್ಟು, ಆ ತಂಡದ ನಾಲ್ವರು ಸಾಮಾನಿನ ಸ್ಲೆಜ್ಜನ್ನು ಹೆಗಲಿಗೆ ಕಟ್ಟಿಕೊಂಡು ಎಳೆಯತೊಡಗಿದರು. ನಾಯಿಗಳನ್ನು ನಂಬಿದ ನಾರ್ವೆಯ ಅಮುಂಡ್‌ಸೆನ್ 1911ರ ಡಿಸೆಂಬರ್ 14ರಂದು ಧ್ರುವ ಮುಟ್ಟಿದ. ಸ್ಕಾಟ್ ತಲುಪಿದ್ದು 1912ರ ಜನವರಿ 17ಕ್ಕೆ. ಹಿಂದಿರುಗುವ ದಾರಿಯಲ್ಲಿ ಅವನೂ ಜೊತೆಯ ನಾಲ್ವರೂ ತೀರಿಕೊಂಡರು. ಆ ಸಾವುಗಳಿಗೆ ಕಾರಣ ಹಲವು; ಮೋಟಾರಿನ ಸೋಲೊಂದೇ ಅಲ್ಲ. ಆದರೂ ಎಳೆಯಬೇಕಾದ ಯಂತ್ರ ಕೈಕೊಟ್ಟಾಗ ಭಾರ ಮನುಷ್ಯನ ಬೆನ್ನಿಗೇ ಬೀಳುತ್ತದೆ ಎಂಬುದಂತೂ ನಿಜ.

ಮೂವತ್ತು ವರ್ಷಗಳ ನಂತರ ಚಳಿ ಇನ್ನೊಂದು ಪಾಠ ಕಲಿಸಿತು, ಈ ಸಲ ಒಂದು ದೊಡ್ಡ ಸೈನ್ಯಕ್ಕೆ. 1941ರ ಚಳಿಗಾಲದಲ್ಲಿ ಹಿಟ್ಲರನ ಪಡೆ ಮಾಸ್ಕೋ ಬಾಗಿಲಿಗೆ ಬಂದಿತ್ತು. ಚಳಿಗೆ ಮುಂಚೆಯೇ ಗೆದ್ದುಬಿಡುತ್ತೇವೆಂಬ ಹುಮ್ಮಸ್ಸಿನಲ್ಲಿ ಚಳಿಗೆ ಬೇಕಾದ ಸಿದ್ಧತೆ ಸಾಲದಾಗಿತ್ತು. ಬೆಳಗಾದರೆ ಟ್ಯಾಂಕುಗಳ ಕೆಳಗೆ ಬೆಂಕಿ ಹಾಕಿ ಆಯಿಲ್ ಕರಗಿಸಬೇಕು. ರಾತ್ರಿಯಿಡೀ ಆಗಾಗ ಎಂಜಿನ್ ಓಡಿಸಿ ಇದ್ದಬದ್ದ ಪೆಟ್ರೋಲ್ ಸುಡಬೇಕು. ಎದುರು ಪಕ್ಷದ ಟಿ-34 ಟ್ಯಾಂಕಿನಲ್ಲಾದರೋ ಬ್ಯಾಟರಿ ಸೋತರೂ ಒತ್ತಿ ತುಂಬಿದ ಗಾಳಿಯ ಬಲದಿಂದ ಎಂಜಿನ್ ಏಳಿಸುವ ಏರ್ಪಾಡಿತ್ತು. ಚಳಿಯೇನು ರಷ್ಯನ್ನರಿಗೆ ರಿಯಾಯಿತಿ ತೋರಿಸಲಿಲ್ಲ. ಅವರು ಅದನ್ನು ಲೆಕ್ಕಕ್ಕೆ ಹಿಡಿದಿದ್ದರು ಅಷ್ಟೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ.

ಈಗ ಟ್ರ್ಯಾಕ್ಟರಿನ ಸರದಿ. ಎವರೆಸ್ಟ್ ಏರಿದ, ಮುಂದೆ 1985ರಿಂದ 1989ರವರೆಗೆ ನ್ಯೂಜಿಲೆಂಡಿನ ಹೈಕಮಿಷನರ್ ಆಗಿ ದೆಹಲಿಯಲ್ಲಿದ್ದ ಎಡ್ಮಂಡ್ ಹಿಲರಿ ಅವರನ್ನು ನೀವೆಲ್ಲ ಬಲ್ಲಿರಿ. ಅಂಟಾರ್ಕ್ಟಿಕಾ ಖಂಡವನ್ನು ಆ ತುದಿಯಿಂದ ಈ ತುದಿಗೆ ದಾಟಲು ವಿವಿಯನ್ ಫುಕ್ಸ್ ಎಂಬವರು ಹೊರಟಾಗ, ಇನ್ನೊಂದು ಕಡೆಯಿಂದ ದಾರಿ ಮಾಡಿ ಆಹಾರ, ಇಂಧನ ಕೂಡಿಡುವ ಹೊಣೆ ಹಿಲರಿಯವರದ್ದಾಗಿತ್ತು. ಅದಕ್ಕಾಗಿ ಅವರ ಬಳಿಯಿದ್ದದ್ದು ಹೊಲ ಉಳುವ ಫರ್ಗುಸನ್ ಟ್ರ್ಯಾಕ್ಟರ್! ಶಕ್ತಿ ಮೂವತ್ತು ಅಶ್ವಬಲಕ್ಕೂ ಕಡಿಮೆ. ಚಾಲಕನಿಗೆ ಗಾಳಿ ತಡೆಯಲು ಕ್ಯಾನ್ವಾಸ್ ಮರೆಯಷ್ಟೇ.

ಆದರೆ ಈ ಸಲ ಯಂತ್ರದ ಜೊತೆ ಅದರ ವೈದ್ಯರೂ ಇದ್ದರು. ಮರ್ರೆ ಎಲ್ಲಿಸ್ ಮತ್ತು ಜಿಮ್ ಬೇಟ್ಸ್ ಎಂಬ ಇಬ್ಬರು ಎಂಜಿನಿಯರುಗಳು 1957ರ ಚಳಿಗಾಲವನ್ನು, ಅಂದರೆ ಸೂರ್ಯನೇ ಕಾಣದ ಆ ನಾಲ್ಕು ತಿಂಗಳನ್ನು, ಟ್ರ್ಯಾಕ್ಟರುಗಳನ್ನು ಸಜ್ಜುಗೊಳಿಸುವುದರಲ್ಲೇ ಕಳೆದರು. ಚಕ್ರಗಳ ಸುತ್ತ ಪಟ್ಟಿ, ಹೆಚ್ಚು ಶಕ್ತಿಯ ಬ್ಯಾಟರಿ ಮತ್ತು ಸ್ಟಾರ್ಟರ್, ಚಳಿಗೆ ತಕ್ಕ ವೈರಿಂಗ್: ಇವು ಆ ಟ್ರ್ಯಾಕ್ಟರುಗಳಿಗೆ ಆದ ಮಾರ್ಪಾಡುಗಳು. ಒಂದು ಬಿರುಕಿಗೆ ಬಿದ್ದರೆ ಉಳಿದವು ಹಿಡಿದು ನಿಲ್ಲಿಸಲೆಂದು ಬಂಡಿಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದಿದ್ದರು.

1957ರ ಅಕ್ಟೋಬರ್ 14ರಂದು ಹೊರಟ ತಂಡ ಸುಮಾರು 2,000 ಕಿಲೋಮೀಟರ್ ಸಾಗಿ, 1958ರ ಜನವರಿ 4ರಂದು ಧ್ರುವ ಮುಟ್ಟಿತು. ಮೂರು ಟ್ರ್ಯಾಕ್ಟರ್, ಐವರು ಮಂದಿ. ಅವರಲ್ಲೊಬ್ಬ ಪೀಟರ್ ಮಲ್‌ಗ್ರೂ, ನಮ್ಮ ಹಾಗೆ ರೇಡಿಯೋದವನು! ಪೆಟ್ರೋಲ್ ಬಹುತೇಕ ಮುಗಿದಿತ್ತು. ಸ್ಕಾಟ್ ನಂತರ ನೆಲದ ದಾರಿಯಲ್ಲಿ ಧ್ರುವ ತಲುಪಿದ ಮೊದಲಿಗರು ಅವರು. ಎಂಜಿನ್ ಬಂಡಿಯಲ್ಲಿ ತಲುಪಿದವರಲ್ಲಂತೂ ಅವರೇ ಮೊದಲು. ಚೆನ್ನೈ ಕೇಳುಗರಿಗೊಂದು ವಿಶೇಷ: 1960ರಲ್ಲಿ ನಿಮ್ಮೂರಿನಲ್ಲೇ ಆರಂಭವಾದ ಟಾಫೆ ಕಂಪನಿಯ ಮೂಲಕ ಇದೇ ಫರ್ಗುಸನ್ ಹೆಸರು ನಮ್ಮ ಕರ್ನಾಟಕದ ಹೊಲಗಳಿಗೂ ಇಳಿಯಿತು.

ನಮ್ಮ ದೇಶದಲ್ಲೂ ಈ ಹೋರಾಟ ನಡೆದೇ ಇದೆ. ಲಡಾಖ್, ಕಾರ್ಗಿಲ್‌ಗಳಲ್ಲಿ ಚಳಿಗಾಲ ಬಂತೆಂದರೆ ಡೀಸೆಲ್ ಟ್ಯಾಂಕಿಯಲ್ಲೇ ಗಟ್ಟಿಯಾಗುತ್ತಿತ್ತು; ಸೀಮೆಎಣ್ಣೆ ಬೆರೆಸಿ ಗಾಡಿ ಓಡಿಸುತ್ತಿದ್ದರು. ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಅಲ್ಲಿಗೆ ಒದಗಿಸಿದ್ದು 2019ರ ನವೆಂಬರಿನಲ್ಲಿ. ನಿಮ್ಮ ಮನೆಯ ಮಗನೋ ತಮ್ಮನೋ ಆ ಗಡಿಯಲ್ಲಿದ್ದರೆ, ಅವನ ಲಾರಿ ಬೆಳಿಗ್ಗೆ ಒಂದೇ ಸಲಕ್ಕೆ ಏಳುವುದೆಂದರೆ ಎಷ್ಟು ದೊಡ್ಡ ವಿಷಯ ಎಂದು ನಿಮಗೆ ಗೊತ್ತಿರುತ್ತದೆ.

ಬಂಡಿ ದೊಡ್ಡದೋ ಚಿಕ್ಕದೋ ಎಂಬುದನ್ನು ಚಳಿ ನೋಡುವುದಿಲ್ಲ, ಮಿತ್ರರೇ. ಅದು ಬರುವ ಮೊದಲು ಯಾರು ಏನು ಮಾಡಿಟ್ಟಿದ್ದರು ಎಂಬುದನ್ನಷ್ಟೇ ನೋಡುತ್ತದೆ. ಧ್ರುವದ ಯಾತ್ರೆಯ ಸುದ್ದಿ ಬಂದಾಗ ಜಗತ್ತು ಹಿಲರಿಯವರನ್ನು ಕೊಂಡಾಡಿತು, ಅದು ಸರಿಯೇ. ಕತ್ತಲೆಯಲ್ಲಿ ಕೂತು ಬೋಲ್ಟು ಬಿಗಿದ ಆ ಇಬ್ಬರನ್ನೂ ನಾವು ನೆನೆಯೋಣ.

ಮತ್ತೆ ಭೇಟಿಯಾಗೋಣ. ಬೆಚ್ಚಗಿರಿ, ಕೇಳುತ್ತಿರಿ.